ಸ್ಟ್ರಾಬೆರಿ ಮಣ್ಣಿಗೆ ಹೊಗೆಮದ್ದು ಬೇಕಾ?

ಪ್ರಶ್ನೆ: ಧಾರವಾಡದ ಹತ್ತಿರ 10 ಗುಂಟೆಯಲ್ಲಿ ಸ್ಟ್ರಾಬೆರಿ ಹಾಕಿದ್ದೆ. ಬೇರು ಕೊಳೆತು ಅರ್ಧ ಗಿಡ ಹೋದವು, ಉಳಿದವುಗಳ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಅಡಿಗೆ ಸಣ್ಣ ಬಲೆ ಕಟ್ಟಿತ್ತು. ಮಣ್ಣಿಗೆ ಮೀಥೈಲ್ ಬ್ರೋಮೈಡ್ ಅನ್ನೋ ಹೊಗೆಮದ್ದು ಕೊಡಿ ಅಂತಾರೆ, ಸಿಗುತ್ತಾ?

ಉತ್ತರ 1: ಅದನ್ನ ಮರೆತುಬಿಡಿ ಅಣ್ಣಾ, ಓಝೋನ್ ಪದರ ಕೆಡಿಸುತ್ತೆ ಅಂತ ಮಾಂಟ್ರಿಯಲ್ ಒಪ್ಪಂದದಲ್ಲಿ ಕೈಬಿಟ್ಟ ಅನಿಲ ಅದು. ನಮ್ಮ ಏಪ್ರಿಲ್-ಮೇ ಬಿಸಿಲು ಸುಮ್ನೆ ಹೋಗುತ್ತೆ, ಅಲ್ವಾ? ಮಡಿಗೆ ನೀರು ಹಾಯಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ 4ರಿಂದ 6 ವಾರ ಬಿಡಿ, ಆ ಕಾವಿಗೆ ಮಣ್ಣಿನ ರೋಗಾಣು ಸಾಯುತ್ತವೆ. ಕಪ್ಪು ಹಾಳೆ ಆಮೇಲೆ, ಗಿಡದ ಸುತ್ತ ಮಣ್ಣು ಮುಚ್ಚೋ ಮಲ್ಚಿಂಗಿಗೆ.

ಉತ್ತರ 2: ಬಲೆ ಕಟ್ಟಿದ್ದು ನುಸಿ ರೀ. ಕೆಳಗೆ ಬಿಳಿ ಕಾಗದ ಹಿಡಿದು ಎಲೆ ತಟ್ಟಿ, ಚುಕ್ಕಿಗಳು ಓಡಾಡುತ್ತವೆ. ನಾನು ಸೈಪರ್ಮೆಥ್ರಿನ್ ಕೀಟನಾಶಕ ಹೊಡೆದು ಕೆಟ್ಟೆ, ನುಸಿ ತಿನ್ನೋ ಹುಳಗಳೇ ಸತ್ತು ನುಸಿ ಜಾಸ್ತಿ ಆಯ್ತು.

ಕೇಳಿದವರು: ಅಯ್ಯೋ, ನಾನೂ ಅದನ್ನೇ ಎರಡು ಸಲ ಹೊಡೆದೆ!