‘ಸೆಟ್ಟಿಂಗ್ ಹೋಯ್ತು’ ಅಂದರೆ ಯಾವ ‘ಹೋಯ್ತು’?

ಗೆಳೆಯರೇ, ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಅದು ಒಂದಲ್ಲ, ನಾಲ್ಕೈದು ಪದ ಅಂತ ಗೊತ್ತಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿದೆ.

ನನ್ನದು ರಾಜಾಜಿನಗರದಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಜಾಸ್ತಿ ಇವೇ ಕೆಲಸ. ನನ್ನ ಹತ್ತಿರ ಮೂರು ಜನ ಹುಡುಗರಿದ್ದಾರೆ. ಅವರಿಗಾಗಿ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ನೂರಾರು ಫೋಟೋ ಒಟ್ಟಿಗೆ ತಿದ್ದಿದಾಗ ಬಣ್ಣ, ಬೆಳಕಿನ ಸೆಟ್ಟಿಂಗ್ ಕಾಣದೆ ಹೋದರೆ ಮೊದಲು ಏನು ನೋಡಬೇಕು, ಆಮೇಲೆ ಏನು, ಅಷ್ಟೇ. ಕೆಲಸ ಸುಲಭ ಅಂದುಕೊಂಡಿದ್ದೆ, ಆದರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

ಯಾಕೆ ಅಂತ ಹೇಳುತ್ತೇನೆ. ಹೋದ ತಿಂಗಳು ಮಲ್ಲೇಶ್ವರದ ಒಂದು ಛತ್ರದಲ್ಲಿ ಮದುವೆ ಇತ್ತು. ಧಾರೆಯ ಫೋಟೋಗಳಲ್ಲಿ ಹಳದಿ ಜಾಸ್ತಿಯಾಗಿ ಹುಡುಗಿಯ ಕೆಂಪು ಸೀರೆ ಕಿತ್ತಳೆಯ ಹಾಗೆ ಕಾಣುತ್ತಿತ್ತು. ನಮ್ಮ ಹುಡುಗ ರಾತ್ರಿ ಕೂತು ಒಂದು ಫೋಟೋ ಸರಿಮಾಡಿ, ಅದನ್ನೇ ಉಳಿದ ಇನ್ನೂರು ಮುನ್ನೂರಕ್ಕೂ ಹಾಕಿದ್ದಾನೆ. ಬೆಳಿಗ್ಗೆ ಹಾರ್ಡ್ ಡಿಸ್ಕ್ ತೆಗೆದುಕೊಂಡು ಆಲ್ಬಂ ಮಾಡುವ ಕಂಪ್ಯೂಟರ್‌ಗೆ ಹಾಕಿ ನೋಡಿದರೆ ಎಲ್ಲಾ ಮೊದಲಿನ ಹಾಗೇ ಹಳದಿ. ನನಗೆ ಫೋನ್ ಮಾಡಿ, ‘ಸಾರ್, ಸೆಟ್ಟಿಂಗೆಲ್ಲಾ ಹೋಯ್ತು’ ಅಂದ. ನಾನು ಮೆಟ್ರೋದಲ್ಲಿದ್ದೆ. ಹೋಯ್ತು ಅಂದರೆ ಹೋಯ್ತು ಅಂತಲೇ ತಿಳಿದು, ಇನ್ನೊಂದು ಸಲ ಮಾಡಪ್ಪ ಅಂದೆ. ಪಾಪ, ಇಡೀ ದಿನ ಕೂತು ಎಲ್ಲ ಮತ್ತೆ ಮಾಡಿದ.

ಸಂಜೆ ಬಂದು ನೋಡಿದರೆ ಏನೂ ಹೋಗಿರಲಿಲ್ಲ. ಅವನು ರಾತ್ರಿ ಮಾಡಿದ ಅಷ್ಟೂ ಕೆಲಸ ಮೊದಲನೇ ಕಂಪ್ಯೂಟರ್‌ನಲ್ಲೇ ಭದ್ರವಾಗಿತ್ತು. ಡಿಸ್ಕಿನಲ್ಲಿ ಹೋದದ್ದು ಬರೀ ಫೋಟೋ. ಅವನು ‘ಹೋಯ್ತು’ ಅನ್ನುವ ಬದಲು ‘ಉಳಿದುಹೋಯ್ತು’ ಅಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಅಲ್ವಾ? ಅವನ ತಪ್ಪಲ್ಲ, ಆ ಪದ ನಾನು ಅವನಿಗೆ ಕೊಟ್ಟಿರಲೇ ಇಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಕೂತಿರುವುದು ಈ ‘ಹೋಯ್ತು’. ಕರೆಂಟ್ ಹೋಯ್ತು ಅಂದರೆ ಮತ್ತೆ ಬರುತ್ತದೆ ಅಂತ ಅರ್ಥ. ಬಸ್ ಹೋಯ್ತು ಅಂದರೆ ಬರಲ್ಲ, ಇನ್ನೊಂದಕ್ಕೆ ಕಾಯಬೇಕು. ಮರ್ಯಾದೆ ಹೋಯ್ತು ಅಂದರೆ ಅದರ ಕಥೆಯೇ ಬೇರೆ. ಇನ್ನು ಬೇರೆ ಕ್ರಿಯಾಪದದ ಹಿಂದೆ ಇದು ಸೇರಿಕೊಂಡಾಗ ನೋಡಿ: ಬಿಟ್ಟುಹೋಯಿತು, ಉಳಿದುಹೋಯಿತು, ತಪ್ಪಿಹೋಯಿತು, ಅಳಿಸಿಹೋಯಿತು. ನಾಲ್ಕೂ ಬೇರೆ ಬೇರೆ. ಆದರೆ ಅವಸರದಲ್ಲಿ ನಾವು ಮೊದಲರ್ಧ ನುಂಗಿ ಬರೀ ‘ಹೋಯ್ತು’ ಅನ್ನುತ್ತೇವೆ, ಕಾರಣ ಇರುವುದು ಆ ನುಂಗಿದ ಅರ್ಧದಲ್ಲೇ.

ಫೋಟೋ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ನಾವು ಬಣ್ಣ, ಬೆಳಕು ತಿದ್ದಿದಾಗ ಮೂಲ ಫೋಟೋದ ಚಿತ್ರಕ್ಕೆ ಏನೂ ಆಗುವುದಿಲ್ಲ. ಇಷ್ಟು ಬೆಳಕು ಏರಿಸು, ಇಷ್ಟು ಹಳದಿ ಇಳಿಸು ಅನ್ನುವ ಲೆಕ್ಕ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ನಾನು ಇದನ್ನು ದಿನಾ ನೋಡುತ್ತೇನೆ. ಬಟ್ಟೆ ಕೊಟ್ಟ ತಕ್ಷಣ ಅವರು ಕತ್ತರಿ ಹಾಕುವುದಿಲ್ಲ. ಟೇಪ್ ಹಿಡಿದು ಎದೆ, ಭುಜ, ತೋಳು ಅಂತ ಅಳೆದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ ಅದೇ ಪುಟಕ್ಕೆ ಪಿನ್ ಹೊಡೆಯುತ್ತಾರೆ. ಬಟ್ಟೆಯ ಮಡಿಕೆಯೊಳಗೆ ಒಂದು ಚೀಟಿಯನ್ನೂ ಇಡುತ್ತಾರೆ, ಯಾಕೆಂದರೆ ಹೊಲಿಯುವವನು ಹಿಂದಿನ ಗಲ್ಲಿಯಲ್ಲಿ ಕೂತಿರುತ್ತಾನೆ, ಪುಸ್ತಕ ಅವನ ಹತ್ತಿರ ಹೋಗಲ್ಲ.

ನಮ್ಮಲ್ಲೂ ಥೇಟ್ ಹಾಗೇ. ಅಳತೆ ಪುಸ್ತಕ ಇದೆ, ಅದಕ್ಕೆ ಕ್ಯಾಟಲಾಗ್ ಅನ್ನುತ್ತಾರೆ, ಅದು ಇರುವುದು ಒಂದು ಕಂಪ್ಯೂಟರ್‌ನಲ್ಲಿ. ಅಳತೆ ಚೀಟಿಯೂ ಇದೆ, ಅದು ಫೋಟೋದ ಪಕ್ಕದಲ್ಲೇ ಕೂರುವ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್. ಇಂಗ್ಲಿಷಿನಲ್ಲಿ ಇದನ್ನು ಸೈಡ್‌ಕಾರ್ ಅನ್ನುತ್ತಾರೆ, ಬೈಕಿನ ಪಕ್ಕಕ್ಕೆ ಕಟ್ಟುವ ತೊಟ್ಟಿಲು. ‘ಜೊತೆ ಕಡತ’ ಅಂತ ಬರೆದು ನೋಡಿದೆ. ಹುಡುಗರಿಗೆ ಕಡತ ಅಂದರೆ ಸರ್ಕಾರಿ ಆಫೀಸು ನೆನಪಾಗುತ್ತದೆ. ‘ಅಳತೆ ಚೀಟಿ’ ಅಂದಾಗ ಒಂದೇ ಸಲಕ್ಕೆ ಹಿಡಿದುಕೊಂಡರು. ಸೆಟ್ಟಿಂಗ್ ಅನ್ನುವುದಕ್ಕೂ ‘ಹೊಂದಿಕೆ’, ‘ಸಂಯೋಜನೆ’ ಎಲ್ಲಾ ಯೋಚಿಸಿ ಬಿಟ್ಟೆ. ಮೊಬೈಲಿನ ಕನ್ನಡದಲ್ಲೇ ‘ಸೆಟ್ಟಿಂಗ್‌ಗಳು’ ಅಂತ ಇದೆ, ಅದು ಇರಲಿ. ಒಂದೊಂದರ ಅಂಕಿಗೆ ಮಾತ್ರ ‘ಅಳತೆ’ ಅನ್ನುತ್ತೇನೆ.

ಈಗ ನನ್ನ ನಾಲ್ಕು ‘ಹೋಯಿತು’ಗಳು. ಸರಿಯೋ ತಪ್ಪೋ ನೀವು ಹೇಳಬೇಕು.

ಬಿಟ್ಟುಹೋಯಿತು ಅಂದರೆ ಹಾಕುವಾಗಲೇ ಸೇರಲಿಲ್ಲ. ಬರೆಯುವಾಗ ಒಂದು ಸಾಲು ಬಿಟ್ಟುಹೋಗುವ ಹಾಗೆ. ಒಂದು ಫೋಟೋದ ಸೆಟ್ಟಿಂಗನ್ನು ಉಳಿದವಕ್ಕೂ ಹಾಕುವ ‘ಸಿಂಕ್’ ಒತ್ತಿದಾಗ ಬರುವ ಪಟ್ಟಿಯಲ್ಲಿ ಯಾವುದಕ್ಕೆ ಟಿಕ್ ಇಲ್ಲವೋ ಅದು ಬೇರೆ ಫೋಟೋಗಳಿಗೆ ಹೋಗುವುದಿಲ್ಲ. ಹಿಂದಿನ ಸಲ ಯಾರೋ ತೆಗೆದ ಟಿಕ್ ಈ ಸಲವೂ ಹಾಗೇ ಇರುತ್ತದೆ. ಇದೊಂದನ್ನು ನೋಡಿದರೆ ಎಷ್ಟೋ ಸಲ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಳಿದುಹೋಯಿತು ಅಂದರೆ ಪುಸ್ತಕದಲ್ಲಿದೆ, ಚೀಟಿ ಬರೆದಿಲ್ಲ. ನಮ್ಮ ಧಾರೆ ಫೋಟೋಗಳಿಗೆ ಆದದ್ದು ಇದೇ. ಫೋಟೋಗಳನ್ನೆಲ್ಲಾ ಆರಿಸಿ ಕಂಟ್ರೋಲ್ ಎಸ್ ಒತ್ತಿದರೆ ಚೀಟಿ ಬರೆದುಕೊಳ್ಳುತ್ತದೆ, ಇಲ್ಲವೇ ತಾನಾಗಿ ಬರೆಯುವ ಹಾಗೆ ಕ್ಯಾಟಲಾಗ್ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿಡಬಹುದು. ಇದು ರಾ ಫೋಟೋಗೆ, ಅಂದರೆ ಕ್ಯಾಮೆರಾ ಹಿಡಿದದ್ದು ಹಾಗೇ ಇರುವ ಹಸಿ ಫೈಲಿಗೆ. ಸಾಮಾನ್ಯ ಜೆಪೆಗ್ ಫೋಟೋ ಆದರೆ ಬೇರೆ ಚೀಟಿ ಇರಲ್ಲ, ಫೈಲಿನ ಒಳಗೇ ಬರೆಯುತ್ತದೆ.

ತಪ್ಪಿಹೋಯಿತು ಅಂದರೆ ಚೀಟಿ ಇದೆ, ಫೋಟೋ ಇದೆ, ಜೋಡಿ ತಪ್ಪಿದೆ. ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿಯ ಹಾಗೆ. ಎರಡರ ಹೆಸರೂ ಒಂದೇ ಇದ್ದರೆ ಮಾತ್ರ ಅವು ಒಂದನ್ನೊಂದು ಗುರುತಿಸುತ್ತವೆ. ಯಾರಾದರೂ ಹೊರಗಡೆ ಫೋಲ್ಡರಿನಲ್ಲಿ ಫೋಟೋದ ಹೆಸರು ಮಾತ್ರ ಬದಲಿಸಿದರೆ ಮುಗಿಯಿತು. ತಂತ್ರಾಂಶದ ಒಳಗಿಂದಲೇ ಹೆಸರು ಬದಲಿಸಿದರೆ ಚೀಟಿಯ ಹೆಸರೂ ಜೊತೆಗೆ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮ: ಲೈಟ್‌ರೂಮ್ ಚೀಟಿಗೆ ಫೋಟೋದ ಹೆಸರಿನ ಕೊನೆಗೆ ನೇರವಾಗಿ ಎಕ್ಸ್‌ಎಂಪಿ ಅಂತ ಹಾಕುತ್ತದೆ. ಡಾರ್ಕ್‌ಟೇಬಲ್ ಅನ್ನುವ ಇನ್ನೊಂದು ತಂತ್ರಾಂಶ ಆದರೆ ಹೆಸರಿನಲ್ಲಿ ಚುಕ್ಕಿಯ ನಂತರ ಕ್ಯಾಮೆರಾ ಕೊಟ್ಟ ಬಾಲವನ್ನೂ ಉಳಿಸಿಕೊಂಡು ಅದರ ಕೊನೆಗೆ ಎಕ್ಸ್‌ಎಂಪಿ ಸೇರಿಸುತ್ತದೆ. ಒಂದೇ ಫೋಲ್ಡರಿನಲ್ಲಿ ಎರಡೂ ಚೀಟಿ ಕಂಡರೆ ಗಾಬರಿ ಬೇಡ, ಒಂದು ಇವರದು, ಒಂದು ಅವರದು.

ಅಳಿಸಿಹೋಯಿತು ಅಂದರೆ ಒಂದರ ಮೇಲೆ ಇನ್ನೊಂದು ಬಿತ್ತು. ಇದೊಂದೇ ನಿಜವಾದ ‘ಹೋಯ್ತು’. ಹಲಗೆಯ ಮೇಲೆ ಅಕ್ಷರ ಒರೆಸಿ ಬರೆದ ಹಾಗೆ.

ಈ ನಾಲ್ಕನೆಯದರಲ್ಲೇ ನನಗೆ ನಿಮ್ಮ ಸಹಾಯ ಬೇಕಾಗಿರುವುದು. ಪುಸ್ತಕದ ಅಳತೆ, ಚೀಟಿಯ ಅಳತೆ ಎರಡೂ ಬೇರೆ ಬೇರೆಯಾಗಿ ಬದಲಾಗಿದ್ದರೆ ಲೈಟ್‌ರೂಮ್ ಒಂದು ಪ್ರಶ್ನೆ ಕೇಳುತ್ತದೆ. ಡಿಸ್ಕಿನಿಂದ ಸೆಟ್ಟಿಂಗ್ ಇಂಪೋರ್ಟ್ ಮಾಡಲೋ, ಸೆಟ್ಟಿಂಗ್ ಓವರ್‌ರೈಟ್ ಮಾಡಲೋ ಅಂತ. ನಮ್ಮ ಇನ್ನೊಬ್ಬ ಹುಡುಗ, ಬಹಳ ಜೋಪಾನದ ಹುಡುಗ, ‘ಓವರ್‌ರೈಟ್’ ನೋಡಿ ಹೆದರಿದ. ಅದು ಒತ್ತಿದರೆ ನನ್ನ ಕೆಲಸ ಅಳಿಸಿಹೋಗುತ್ತದೆ ಅಂದುಕೊಂಡು ಇಂಪೋರ್ಟ್ ಒತ್ತಿದ. ಹಳೇ ಚೀಟಿಯ ಅಳತೆ ಪುಸ್ತಕಕ್ಕೆ ಬಂತು, ಅವನು ಎರಡು ದಿನ ಮಾಡಿದ್ದು ಅಳಿಸಿಹೋಯಿತು. ನಿಜಕ್ಕೂ ಅಲ್ಲಿ ಓವರ್‌ರೈಟ್ ಅಂದರೆ ಪುಸ್ತಕದಲ್ಲಿರುವುದನ್ನು ಚೀಟಿಯ ಮೇಲೆ ಬರೆಯುವುದು, ಅಂದರೆ ಅವನ ಕೆಲಸ ಉಳಿಸುವುದು. ಜೋಪಾನ ಮಾಡಲು ಹೋಗಿಯೇ ಕಳೆದುಕೊಂಡ. ಅವನ ಮುಖ ನೋಡಲು ನನಗೆ ಆಗಲಿಲ್ಲ.

‘ಮೇಲೆ ಬರೆ’ ಅಂತ ಕನ್ನಡ ಮಾಡಿದರೆ ಅದೇ ಗೊಂದಲ ಕನ್ನಡಕ್ಕೂ ಬರುತ್ತದೆ. ಯಾವುದರ ಮೇಲೆ ಯಾವುದು ಅಂತ ಪದದಲ್ಲೇ ಗೊತ್ತಾಗಬೇಕು. ಲೆಕ್ಕ ಬರೆಯುವವರು ಖಾತೆಗೆ ಏರಿಸು ಅನ್ನುತ್ತಾರಲ್ಲ, ಆ ದಾರಿ ಹಿಡಿದು ಹೀಗೆ ಬರೆದಿದ್ದೇನೆ: ಒಂದಕ್ಕೆ ‘ಚೀಟಿಯದನ್ನು ಪುಸ್ತಕಕ್ಕೆ ಏರಿಸು’, ಇನ್ನೊಂದಕ್ಕೆ ‘ಪುಸ್ತಕದ್ದನ್ನು ಚೀಟಿಗೆ ಇಳಿಸು’. ‘ಇಳಿಸು’ ಅಂದರೆ ಕಡಿಮೆ ಮಾಡು ಅಂತ ಯಾರಾದರೂ ತಿಳಿಯಬಹುದೇ? ಬೆಳಕು ಇಳಿಸು, ಹಳದಿ ಇಳಿಸು ಅಂತ ದಿನಾ ಅನ್ನುವ ಜಾಗದಲ್ಲಿ ಆ ಭಯ ಇದೆ. ‘ದಾಟಿಸು’ ಅಂದರೆ ಹೇಗೆ?

ನಾಲ್ಕಕ್ಕೂ ಸೇರದ್ದು ಒಂದಿದೆ. ರಾ ಫೋಟೋದಲ್ಲಿ ಬಿಳಿ ಸರಿಮಾಡುವ ಅಳತೆ, ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಇರುತ್ತದೆ, 3,200, 5,500 ಹೀಗೆ. ಜೆಪೆಗ್‌ನಲ್ಲಿ ಅದು ಮೈನಸ್ 100 ರಿಂದ ಪ್ಲಸ್ 100. ಹಾಗಾಗಿ ಎರಡೂ ಬೆರೆತಿರುವ ಗುಂಪಿಗೆ ಒಂದೇ ಸಲ ಹಾಕಿದರೆ ಜೆಪೆಗ್‌ಗಳ ಬಣ್ಣ ರಾ ಫೋಟೋಗಳ ಹಾಗೆ ಕೂರುವುದಿಲ್ಲ. ಇಲ್ಲಿ ಏನೂ ಕಳೆದಿಲ್ಲ. ಇದಕ್ಕೆ ‘ಹಿಡಿಯಲಿಲ್ಲ’ ಅನ್ನೋಣ ಅನ್ನಿಸುತ್ತದೆ. ಮಾವಿನಕಾಯಿಗೆ ಉಪ್ಪು ಹಿಡಿದಿಲ್ಲ, ನೂಲಿಗೆ ಬಣ್ಣ ಹಿಡಿದಿಲ್ಲ ಅನ್ನುವ ಹಾಗೆ.

ಕೊನೆಯದಾಗಿ ‘ಬ್ಯಾಚ್’, ಅಂದರೆ ಒಂದು ಸಲಕ್ಕೆ ಒಟ್ಟಿಗೆ ತಿದ್ದುವಷ್ಟು ಫೋಟೋ. ಗುಂಪು ಅಂದರೆ ಜನ, ತಂಡ ಅಂದರೆ ಆಟಗಾರರು, ಕಂತೆ ಅಂದರೆ ಕಟ್ಟಿದ್ದು. ನನಗೆ ಇಷ್ಟವಾದದ್ದು ‘ಒಬ್ಬೆ’. ನಮ್ಮಮ್ಮ ಇಡ್ಲಿ ಪಾತ್ರೆ ಇಳಿಸಿ ‘ಮೊದಲನೇ ಒಬ್ಬೆ ಆಯ್ತು, ಬನ್ನಿ’ ಅನ್ನುತ್ತಿದ್ದರು. ಒಂದು ಸಲಕ್ಕೆ ಎಷ್ಟು ಇಟ್ಟೆವೋ ಅಷ್ಟಕ್ಕೂ ಒಂದೇ ಹಬೆ. ನಮ್ಮ ಕೆಲಸವೂ ಅದೇ. ‘ಈ ಒಬ್ಬೆಯಲ್ಲಿ ರಾ ಮಾತ್ರ ಇರಲಿ’ ಅಂತ ಹಾಳೆಯಲ್ಲಿ ಬರೆದೆ. ಮೈಸೂರು ಕಡೆಯ ಹುಡುಗನಿಗೆ ತಕ್ಷಣ ಗೊತ್ತಾಯಿತು. ಕಲಬುರಗಿ ಕಡೆಯವನು ಆ ಪದ ಕೇಳಿಯೇ ಇರಲಿಲ್ಲ.

ಹಾಗಾದರೆ ನಿಮ್ಮ ಕಡೆ ಇಡ್ಲಿ, ಚಕ್ಕುಲಿ, ಹಪ್ಪಳ ಒಂದು ಸಲಕ್ಕೆ ಬೇಯಿಸುವ ಅಥವಾ ಕರಿಯುವಷ್ಟಕ್ಕೆ ಏನನ್ನುತ್ತೀರಿ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ. ಆಷಾಢ ಮುಗಿದು ಮದುವೆಗಳು ಶುರುವಾಗುವ ಮೊದಲು ಹಾಳೆ ಗೋಡೆಗೆ ಹತ್ತಬೇಕು.