ಅಪ್‌ಡೇಟ್: 80 ಪ್ಲಸ್ ಬ್ರಾಂಜ್ ಸಾಕಾ, ಗೋಲ್ಡ್ ಬೇಕಾ?

ಹೋದ ವಾರ ಕೇಳಿದ್ದೆ ಅಲ್ವಾ, 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ತಗೊಂಡರೆ 85% ಮಾತ್ರ, ಅಂದ್ರೆ 467 ವ್ಯಾಟ್ ಅಷ್ಟೇ ಸಿಗುತ್ತಾ ಅಂತ. (80 ಪ್ಲಸ್ ಅಂದ್ರೆ ಕರೆಂಟ್ ಎಷ್ಟು ಕಡಿಮೆ ವ್ಯರ್ಥ ಮಾಡುತ್ತದೆ ಅನ್ನೋ ದಕ್ಷತೆಯ ಬ್ಯಾಡ್ಜ್, ಅದರಲ್ಲಿ ಬ್ರಾಂಜ್‌ಗಿಂತ ಗೋಲ್ಡ್ ಮೇಲು.) ತಪ್ಪು ನನ್ನದೇ. ಪೂರ್ತಿ 550 ಸಿಗುತ್ತದೆ, ಗೋಡೆಯ ಪ್ಲಗ್‌ನಿಂದ ಎಳೆಯೋದು ಜಾಸ್ತಿ ಆಗುತ್ತದೆ, ಆ ಹೆಚ್ಚಿನದೆಲ್ಲ ಬಿಸಿಯಾಗಿ ಹೋಗುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. 80 ಪ್ಲಸ್‌ನ 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್‌ಗೆ (ಅಂದ್ರೆ 550ರಲ್ಲಿ 275 ವ್ಯಾಟ್ ಕೊಡುವಾಗ) ಬ್ರಾಂಜ್ 85%, ಗೋಲ್ಡ್ 90%. ನನ್ನ ಪಿಸಿ ಗೇಮ್ ಆಡುವಾಗ 275 ವ್ಯಾಟ್ ತಿಂದರೆ ಬ್ರಾಂಜ್ ಎಳೆಯೋದು ಸುಮಾರು 324, ಗೋಲ್ಡ್ 306. ವ್ಯತ್ಯಾಸ 18 ವ್ಯಾಟ್. ದಿನಕ್ಕೆ 5 ಗಂಟೆ ಆಡಿದರೂ ತಿಂಗಳಿಗೆ ಮೂರು ಯೂನಿಟ್ ಒಳಗೇ, ನಮ್ಮ ದಾವಣಗೆರೆಯಲ್ಲಿ ಆ ದುಡ್ಡಿಗೆ ಒಂದು ಬೆಣ್ಣೆ ದೋಸೆಯೂ ಬರಲ್ಲ!

ಇನ್ನೊಂದು ವಿಷಯ ಅಂಗಡಿಯವರು ಹೇಳಿರಲಿಲ್ಲ: ಆ ಪರೀಕ್ಷೆ ನಡೆಯೋದು 23 ಡಿಗ್ರಿ ಸುಮಾರಿನಲ್ಲಿ. ಏಪ್ರಿಲ್‌ನಲ್ಲಿ ನನ್ನ ರೂಮು ಅಷ್ಟು ತಣ್ಣಗೆ ಎಲ್ಲಿರುತ್ತದೆ? ಮತ್ತೆ ಬ್ಯಾಡ್ಜ್ ಹೇಳೋದು ಮುಖ್ಯವಾಗಿ ದಕ್ಷತೆಯನ್ನು, ಒಳಗಿನ ಕೆಪಾಸಿಟರ್ ಎಂಥದ್ದು, ಶಾರ್ಟ್ ಆದರೆ ಆಫ್ ಆಗುತ್ತಾ ಅನ್ನೋದನ್ನಲ್ಲ.

ಹಾಗಾಗಿ ಬ್ರಾಂಜ್‌ನದ್ದೇ, 5 ವರ್ಷ ವಾರಂಟಿ ಇರೋದು ತಗೊಂಡೆ. ಉಳಿದ ದುಡ್ಡಿಗೆ ಕ್ಯಾಬಿನೆಟ್‌ಗೆ ಇನ್ನೊಂದು ಫ್ಯಾನ್ ಬಂತು.