ವಕೀಲರನ್ನು ಕೇಳಿ: ಮನೆಯೊಳಗಿನ ಹಿಂಸೆ, ಕಾನೂನು, ಸರಕಾರದ ನೆರವು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕೋರ್ಟಿನಲ್ಲಿ ಹೆಂಗಸರ ಕೇಸು ನಡೆಸುವ ವಕೀಲರೊಬ್ಬರು ಇವತ್ತು ಸಂಜೆ 4ರಿಂದ ನಮ್ಮ ಗುಂಪಿನಲ್ಲಿರುತ್ತಾರೆ. ಹೆಸರು ಹಾಕಲು ಹೆದರಿಕೆ ಇದ್ದವರು ಪ್ರಶ್ನೆಯನ್ನು ನನಗೆ ಕಳಿಸಿ, ಹೆಸರು ತೆಗೆದು ನಾನು ಹಾಕುತ್ತೇನೆ. ಫಾರ್ವರ್ಡ್ ಬೇಡ, ರಾಜಕೀಯ ಬೇಡ.

ಮಂಜೇಶ್ವರದ ಸದಸ್ಯೆ: ನಮಸ್ತೆ ಮೇಡಂ. ಗಂಡನಿಂದ ಹಿಂಸೆ ಆದವರಿಗೆ ನಿರ್ಭಯಾ ನಿಧಿಯಿಂದ 5 ಲಕ್ಷ ಕೊಡ್ತಾರೆ, ಲಿಂಕಿನಲ್ಲಿ ಆಧಾರ್ ನಂಬರು, ಬ್ಯಾಂಕ್ ಖಾತೆ ತುಂಬಬೇಕು ಅಂತ ಒಂದು ಮೆಸೇಜು ತಿರುಗ್ತಾ ಉಂಟು. ತುಂಬಬಹುದಾ?

ವಕೀಲರು: ತುಂಬಬೇಡಿ. ತುಂಬಿದ್ದರೆ ಈಗಲೇ ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿ. ದೆಹಲಿಯ ಘಟನೆಯ ನಂತರ 2013ರ ಕೇಂದ್ರ ಬಜೆಟಿನಲ್ಲಿ 1,000 ಕೋಟಿ ರೂಪಾಯಿ ಇಟ್ಟು ಆರಂಭಿಸಿದ್ದು ನಿರ್ಭಯಾ ನಿಧಿ. ಫಾರ್ಮ್ ತುಂಬಿದವರ ಖಾತೆಗೆ ಬಂದು ಬೀಳುವ ಹಣ ಅದಲ್ಲ. 181 ಮಹಿಳಾ ಸಹಾಯವಾಣಿ, ಹಿಂಸೆಯಾದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರ, ತುರ್ತು ಕರೆಯ 112, ಠಾಣೆಗಳ ಮಹಿಳಾ ಡೆಸ್ಕು, ಇಂಥವು ಅದರಿಂದ ನಡೆಯುತ್ತವೆ. ಸಂತ್ರಸ್ತರಿಗೆ ಪರಿಹಾರ ಬೇರೆ ಉಂಟು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ. ಅರ್ಜಿ ಹಾಕುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಲಿಂಕಿನಲ್ಲಿ ಅಲ್ಲ.

ಕುಂಬಳೆಯ ಸದಸ್ಯೆ: ವಕೀಲರ ಫೀಸಿಗೆ ಗತಿ ಇಲ್ಲದವರು ಎಂತ ಮಾಡುವುದು?

ವಕೀಲರು: ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್. ಫೋನು 15100.

ಅಡ್ಮಿನ್ (ಹೆಸರಿಲ್ಲದೆ ಕಳಿಸಿದವರ ಪ್ರಶ್ನೆ): ಮೇಡಂ, ನನ್ನ ಗಂಡನ ಮನೆ ಪುತ್ತೂರು ತಾಲೂಕಿನಲ್ಲಿ. ತವರು ಇಲ್ಲಿ, ಕಾಸರಗೋಡು ಜಿಲ್ಲೆಯಲ್ಲಿ. ಮದುವೆಯಾಗಿ 9 ವರ್ಷ. ಪೆಟ್ಟು ಮೊದಲಿನಿಂದಲೂ ಉಂಟು, ಅಮ್ಮ ಸುಧಾರಿಸಿಕೊಂಡು ಹೋಗು ಅಂತಿದ್ದರು. ಹೋದ ಬುಧವಾರ ರಾತ್ರಿ ಅಡಿಗೆ ಮನೆಯಲ್ಲಿ ಗೋಡೆಗೆ ಒತ್ತಿ ಕುತ್ತಿಗೆ ಹಿಡಿದರು. ಕಣ್ಣು ಕತ್ತಲೆ ಬಂತು. ಮಗ ಕೂಗಿದ್ದಕ್ಕೆ ಬಿಟ್ಟರು. ಮರುದಿನ ಮಗನನ್ನು ಕರಕೊಂಡು ಬಸ್ಸು ಹತ್ತಿ ಬಂದೆ, ಉಟ್ಟ ಬಟ್ಟೆಯಲ್ಲಿ. ಎರಡು ದಿನ ಗಂಜಿ ನುಂಗಲಿಕ್ಕೂ ಆಗಲಿಲ್ಲ, ಸ್ವರ ಇನ್ನೂ ಸರಿಯಾಗಲಿಲ್ಲ. ಹೊರಗೆ ಗಾಯ ಇಲ್ಲ. ಇಲ್ಲಿಯ ಠಾಣೆಗೆ ಹೋದರೆ ಘಟನೆ ಕರ್ನಾಟಕದ್ದು, ಅಲ್ಲಿಗೇ ಹೋಗಿ ಅಂದರು. ಅಲ್ಲಿಗೆ ಹೋಗಲು ನನಗೆ ಧೈರ್ಯ ಇಲ್ಲ. ಚಿನ್ನ ಎಲ್ಲ ಅಲ್ಲೇ ಉಂಟು. ಮಗ 2ನೇ ಕ್ಲಾಸು, ಟಿಸಿ ಕೊಡುವುದಿಲ್ಲ ಅಂತ ಹೆದರಿಸುತ್ತಿದ್ದಾರೆ. ನಾನು ಎಲ್ಲಿಯ ಕೋರ್ಟಿಗೆ ಹೋಗಬೇಕು?

ವಕೀಲರು: ಅಮ್ಮಾ, ನೀವು ಕೇಳಿದ್ದು ಕೋರ್ಟಿನ ವಿಷಯ. ಅದಕ್ಕಿಂತ ಮೊದಲು ಆಸ್ಪತ್ರೆ. ಇದನ್ನು ಓದಿದ ಕೂಡಲೇ ಹೊರಡಿ, ನಾಳೆಗೆ ಇಡಬೇಡಿ. ಕುತ್ತಿಗೆ ಹಿಸುಕಿದಾಗ ಹೊರಗೆ ಗುರುತೇ ಇಲ್ಲದೆ ಒಳಗೆ ಬಾವು ಬರಬಹುದು, ರಕ್ತನಾಳಕ್ಕೆ ಪೆಟ್ಟಾಗಿರಬಹುದು. ತೊಂದರೆ ದಿನಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಸ್ವರ ಬಿದ್ದದ್ದು, ನುಂಗಲು ಆಗದ್ದು, ಕಣ್ಣು ಕತ್ತಲೆ ಬಂದದ್ದು, ಈ ಮೂರನ್ನೂ ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ. "ಬಿದ್ದೆ" ಅಂತ ಹೇಳಬೇಡಿ. ಯಾರು, ಯಾವತ್ತು, ಹೇಗೆ ಹಿಡಿದರು ಅಂತ ಚೀಟಿಯಲ್ಲಿ ಬರೆಯಿಸಿ.

ಎರಡನೆಯದು ನಿಮ್ಮ ಅಮ್ಮನಿಗೆ. ಇದನ್ನು ಅವರಿಗೆ ಓದಿ ಹೇಳಿ. ಕೆನ್ನೆಗೆ ಹೊಡೆದದ್ದೂ ಕುತ್ತಿಗೆ ಹಿಸುಕಿದ್ದೂ ಒಂದೇ ಅಲ್ಲ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಮುಂದೆ ಕೊಲೆಯೇ ಆಗುವ ಅಪಾಯ ಹಲವು ಪಟ್ಟು ಹೆಚ್ಚು. ನಾನು ಈ ಕೆಲಸದಲ್ಲಿ ಅತಿ ಹೆಚ್ಚು ಹೆದರುವುದು ಇದೊಂದು ಸಂಗತಿಗೆ. ಸುಧಾರಿಸಿಕೊಂಡು ಹೋಗುವ ಹಂತ ದಾಟಿ ಆಯ್ತು. ಅವನು ಹಣ್ಣು ಹಿಡಕೊಂಡು ಕ್ಷಮೆ ಕೇಳಲು ಬರಬಹುದು. ಮಗಳನ್ನು ಒಬ್ಬಳೇ ಅಂಗಳಕ್ಕೂ ಕಳಿಸಬೇಡಿ.

ಇನ್ನು ಠಾಣೆ. ಅವರು ಹೇಳಿದ್ದು ತಪ್ಪು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲಿಯೇ ಆಗಿರಲಿ, ಮಾಹಿತಿ ದಾಖಲಿಸಿಕೊಳ್ಳಲೇಬೇಕು. ಜೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಬರೆದುಕೊಂಡು ಪುತ್ತೂರಿನ ಕಡೆಗೆ ಕಳಿಸುವುದು ಅವರ ಕೆಲಸ, ನೀವು ಗಡಿ ದಾಟಬೇಕಿಲ್ಲ. ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ದೂರು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಮೊದಲು ಹಳೆಯ ದಂಡ ಸಂಹಿತೆಯ 498ಎ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85. ನಿಮ್ಮದರಲ್ಲಿ ಕೊಲೆಯತ್ನದ 109 ಕೂಡ ಬರಬಹುದು. ಹಿಂಸೆಯಿಂದ ಓಡಿ ಬಂದವಳು ಆಶ್ರಯ ಪಡೆದ ಜಾಗದ ಕೋರ್ಟಿನಲ್ಲಿಯೂ ಕ್ರೌರ್ಯದ ಕೇಸು ನಡೆಯಬಹುದು ಅಂತ ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ.

ಕೋರ್ಟು: ಕಾಸರಗೋಡೇ. ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ತಾತ್ಕಾಲಿಕವಾಗಿ ವಾಸಿಸುವ ಜಾಗವೂ ಸಾಕು. ಇಲ್ಲಿ ಕೊಟ್ಟ ರಕ್ಷಣಾ ಆದೇಶ ಪುತ್ತೂರಿನಲ್ಲಿಯೂ ಊರ್ಜಿತ. ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿ ಹಾಕಿದರೆ ಮೊದಲ ವಿಚಾರಣೆ ಸಾಧಾರಣ 3 ದಿನದೊಳಗೆ ಆಗಬೇಕು ಅಂತ ಕಾಯ್ದೆಯಲ್ಲಿ ಉಂಟು. ಚಿನ್ನ ಸ್ತ್ರೀಧನ, ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಉಂಟು. ಮದುವೆಯ ಫೋಟೋ, ಬಿಲ್ಲು ಯಾವುದಿದ್ದರೂ ತೆಗೆದಿಡಿ. ಮಗನ ವಿಷಯಕ್ಕೆ ಹೆದರಬೇಡಿ. ಟಿಸಿ ತಡವಾಯಿತು ಅಂತ ಮಗುವನ್ನು ಸೇರಿಸದಿರಲು ಶಿಕ್ಷಣ ಹಕ್ಕು ಕಾಯ್ದೆ ಬಿಡುವುದಿಲ್ಲ.

ರಾತ್ರಿ ಅವನು ಬಂದರೆ 112. ಮನೆ ಸುರಕ್ಷಿತ ಅಲ್ಲ ಅನ್ನಿಸಿದರೆ 181. ಸಖಿ ಕೇಂದ್ರದಲ್ಲಿ ತಾಯಿ-ಮಗು 5 ದಿನದವರೆಗೆ ಉಳಿಯಬಹುದು, ಆಮೇಲೆ ಶಕ್ತಿ ಸದನ ಅನ್ನುವ ಹೆಂಗಸರ ಆಶ್ರಯ ಮನೆಯಲ್ಲಿ ಜಾಗ ಮಾಡಿಸುತ್ತಾರೆ. ನನ್ನ ನಂಬರು ಅಡ್ಮಿನ್ ಹತ್ತಿರ ಉಂಟು. ಅಡ್ಮಿನ್, ಇವರ ಪ್ರಶ್ನೆಯಿಂದ ಗುರುತು ಸಿಗುವಂಥದ್ದೆಲ್ಲ ತೆಗೆಯಿರಿ. ಅವನ ಕಡೆಯವರು ಈ ಗುಂಪಿನಲ್ಲಿ ಇರಬಹುದು.

ಅಡ್ಮಿನ್: ಊರಿನ ಹೆಸರು ತೆಗೆದೇ ಹಾಕಿದ್ದು ಮೇಡಂ. ಇನ್ನೊಮ್ಮೆ ನೋಡುತ್ತೇನೆ.

ಪೈವಳಿಕೆಯ ಸದಸ್ಯ: ಮೇಡಂ, ಆ 5 ಲಕ್ಷದ ಫಾರ್ಮ್ ಎಲ್ಲಿ ಸಿಗ್ತದೆ?

ವಕೀಲರು: ಮೇಲೆ ಬರೆದಿದ್ದೇನೆ. ಓದಿ.

ಉಪ್ಪಳದ ಸದಸ್ಯೆ: ಗಂಡ ದುಬೈಯಲ್ಲಿ. ಫೋನಿನಲ್ಲಿ ದಿನಾ ಬೈಗುಳ, ಖರ್ಚಿಗೆ ಕಳಿಸುವುದಿಲ್ಲ. ಅವರು ಅಲ್ಲಿರುವಾಗ ಇಲ್ಲಿ ಕೇಸು ಆಗ್ತದಾ?

ನೀರ್ಚಾಲಿನ ಸದಸ್ಯ: ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: 100 ರೂಪಾಯಿಯ ಮುದ್ರಾಂಕ ಕಾಗದದಲ್ಲಿ "ಇನ್ನು ಮುಂದೆ ಹೊಡೆಯುವುದಿಲ್ಲ" ಅಂತ ಗಂಡನ ಹತ್ತಿರ ಬರೆಯಿಸಿ, ಇಬ್ಬರು ಸಾಕ್ಷಿ ಹಾಕಿಸಿದರೆ ಕೋರ್ಟಿನ ಆದೇಶದಷ್ಟೇ ಬೆಲೆ. ಮತ್ತೆ ಹೊಡೆದರೆ ನೇರ ಜೈಲು.

ವಕೀಲರು: ಸುಳ್ಳು. ಅಂಥ ಕಾಗದದಿಂದ ಯಾರೂ ನೇರ ಜೈಲಿಗೆ ಹೋಗುವುದಿಲ್ಲ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಮನೆಗೆ ವಾಪಸು ಹೋದವರನ್ನು ನಾನು ನೋಡಿದ್ದೇನೆ. ಒಬ್ಬಳು ತಿಂಗಳು ತುಂಬುವ ಮೊದಲು ಮುರಿದ ಕೈಯಲ್ಲಿ ಬಂದಳು, ಕಾಗದ ನಾಲ್ಕು ಮಡಿಕೆಯಾಗಿ ಪರ್ಸಿನಲ್ಲೇ ಇತ್ತು. ದಯವಿಟ್ಟು ಇಂಥದ್ದನ್ನು ಕಳಿಸಬೇಡಿ.

ನೀರ್ಚಾಲಿನ ಸದಸ್ಯ: ನಾನು ಒಳ್ಳೆಯ ಉದ್ದೇಶದಿಂದ ಹಾಕಿದ್ದು. ಸಂಸಾರ ಒಡೆಯುವುದಕ್ಕಿಂತ ಹಿರಿಯರು ಕೂತು ಮಾತಾಡುವುದು ಒಳ್ಳೆಯದಲ್ಲವಾ? ಮನೆಯಲ್ಲಿ ಒಂದು ತಾಂಬೂಲ ಪ್ರಶ್ನೆ ಇಡಿಸಿದರೂ ದೋಷ ಗೊತ್ತಾಗ್ತದೆ.

ವಕೀಲರು: ಕುತ್ತಿಗೆ ಹಿಸುಕಿದವನ ಮನೆಯ ದೋಷ ಯಾವುದು ಅಂತ ನನಗೆ ಗೊತ್ತುಂಟು. ನೀವು ದೇವರನ್ನು ನಂಬಿ, ನಾನೂ ನಂಬುತ್ತೇನೆ. ಆದರೆ ಆಸ್ಪತ್ರೆಗೆ ಹೋಗಬೇಕಾದವಳನ್ನು ಜೋಯಿಸರ ಮನೆಗೆ ಕಳಿಸಬೇಡಿ.

ಮುಳ್ಳೇರಿಯದ ಸದಸ್ಯ: ಎಲ್ಲದಕ್ಕೂ ಗಂಡಸರದ್ದೇ ತಪ್ಪು ಅನ್ನುವ ಹಾಗೆ ಆಯ್ತು ಇಲ್ಲಿ. ಸುಳ್ಳು ಕೇಸು ಹಾಕುವವರ ಬಗ್ಗೆಯೂ ಒಂದು ಮಾತು ಹೇಳಿ.

ಕುಂಬಳೆಯ ಸದಸ್ಯೆ: ಆ ತಾಯಿ ಬರೆದದ್ದನ್ನು ಓದಿದ ಮೇಲೂ ನಿಮಗೆ ಇದೇ ಕೇಳಲು ತೋಚಿದ್ದಾ?

ಮುಳ್ಳೇರಿಯದ ಸದಸ್ಯ: ನನ್ನ ಅಣ್ಣನ ಮೇಲೆ ಹಾಕಿದ್ದಾರೆ ಅಕ್ಕ, ಎಂಬತ್ತರ ಅಮ್ಮನ ಹೆಸರೂ ಸೇರಿಸಿ. ಅನುಭವಿಸಿದವರಿಗೇ ಗೊತ್ತು.

ವಕೀಲರು: ದೂರು ಬಂದ ಕೂಡಲೇ ಮನೆಯವರನ್ನೆಲ್ಲ ಬಂಧಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ, ಮೊದಲು ನೋಟೀಸು. ನಿಮ್ಮ ಅಮ್ಮನಿಗೆ ಆ ರಕ್ಷಣೆ ಉಂಟು. ನಿಮ್ಮ ಕೇಸಿನ ಕಾಗದ ನಿಮ್ಮ ವಕೀಲರಿಗೆ ತೋರಿಸಿ. ಇವತ್ತಿನ ವಿಷಯ ಅದಲ್ಲ.

ಬದಿಯಡ್ಕದ ಸದಸ್ಯ: ನಾನು ನಿವೃತ್ತ ಅಧ್ಯಾಪಕ. ಒಂದು ಕೇಳಬೇಕಿತ್ತು. ಸಾವಿರ ಕೋಟಿ ಇಟ್ಟು ಇಷ್ಟು ವರ್ಷ ಆಯ್ತು. ನಮ್ಮ ಪಂಚಾಯತಿಗೆ ಬಂದದ್ದೆಷ್ಟು? ಎಲ್ಲ ನುಂಗಿ ಹಾಕಿದರಾ?

ವಕೀಲರು: ಮಾಸ್ಟ್ರೇ, ನನ್ನ ದೂರು ನುಂಗಿದ್ದಾರೆ ಅಂತ ಅಲ್ಲ, ದುಡ್ಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಲಿಲ್ಲ ಅಂತ. ಮೊದಲ ವರ್ಷಗಳಲ್ಲಿ ಹಣದ ಬಹುಪಾಲು ಖರ್ಚೇ ಆಗದೆ ಉಳಿದಿತ್ತು. ಆಮೇಲೆ ದೊಡ್ಡ ಮೊತ್ತ ಹೋದದ್ದು ಬೆಂಗಳೂರು, ಚೆನ್ನೈಯಂಥ 8 ಮಹಾನಗರಗಳ ಸೇಫ್ ಸಿಟಿ ಯೋಜನೆಗೆ. ಬೀದಿ ಕ್ಯಾಮೆರಾ, ಕಂಟ್ರೋಲ್ ರೂಮು. ಬೀದಿಗೆ ಕ್ಯಾಮೆರಾ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಡಿಗೆ ಮನೆಯ ಗೋಡೆಗೆ ಒತ್ತಿ ಹಿಡಿದದ್ದನ್ನು ಯಾವ ಕ್ಯಾಮೆರಾ ನೋಡುತ್ತದೆ?

2005ರ ಕೌಟುಂಬಿಕ ಹಿಂಸೆ ಕಾಯ್ದೆ, ಹಿಂಸೆಯಾದವಳಿಗೆ ಅರ್ಜಿ, ಆಶ್ರಯಕ್ಕೆ ನೆರವಾಗಲು ಸಂರಕ್ಷಣಾ ಅಧಿಕಾರಿಯನ್ನು ಸೃಷ್ಟಿಸಿತು. ಸಂಬಳ, ವಾಹನ, ಗುಮಾಸ್ತರನ್ನು ಆಯಾ ರಾಜ್ಯಕ್ಕೆ ಬಿಟ್ಟಿತು. ಎಷ್ಟೋ ಕಡೆ ಬೇರೆ ಕೆಲಸದವರಿಗೇ ಇದನ್ನೂ ಅಂಟಿಸಿದರು. ಅಧಿಕಾರಿಗಳನ್ನು ನೇಮಿಸಿ ಅಂತ 2025ರ ಮೇಯಲ್ಲಿಯೂ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು, ಕಾಯ್ದೆ ಬಂದು ಸುಮಾರು 20 ವರ್ಷ ಆದ ಮೇಲೆ. ಕೇರಳದಲ್ಲಿ ಜಿಲ್ಲೆಗೊಬ್ಬರು ಪ್ರತ್ಯೇಕ ಅಧಿಕಾರಿ ಇದ್ದಾರೆ, ಆ ಮಟ್ಟಿಗೆ ನಾವು ವಾಸಿ. ಆದರೆ ತಲಪಾಡಿಯಿಂದ ತೃಕ್ಕರಿಪುರದವರೆಗೆ ಒಬ್ಬರೇ. ರಾತ್ರಿ 11ಕ್ಕೆ ಎಣ್ಮಕಜೆಯಿಂದ ಒಬ್ಬಳನ್ನು ಕರಕೊಂಡು ಬರಲು ಒಂದು ಜೀಪು, ಅವಳ ಕನ್ನಡ, ತುಳು ಅರ್ಥವಾಗುವ ಒಬ್ಬಳು ಕೌನ್ಸೆಲರ್. ನನ್ನನ್ನು ಕೇಳಿದರೆ ದುಡ್ಡು ಮೊದಲು ಇದಕ್ಕೆ ಹೋಗಬೇಕು. ನಿಮ್ಮಂಥವರು ಗ್ರಾಮಸಭೆಯಲ್ಲಿ ಎದ್ದು ಕೇಳಿ: ಹೆಂಗಸರ ದೂರು ಕೇಳುವ ನಮ್ಮ ಪಂಚಾಯತಿನ ಜಾಗ್ರತಾ ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿದೆ, ಎಷ್ಟು ದೂರು ಬಂದಿದೆ ಅಂತ.

ಮಂಜೇಶ್ವರದ ಸದಸ್ಯೆ: ಭಾಷೆಯ ವಿಷಯ ಬಂದದ್ದು ಒಳ್ಳೆಯದಾಯ್ತು. ನನ್ನ ತಂಗಿಯ ಹೇಳಿಕೆಯನ್ನು ಒಂದು ಕಚೇರಿಯಲ್ಲಿ ಮಲಯಾಳದಲ್ಲಿ ಬರೆದು ಸಹಿ ಹಾಕಿಸಿದರು. ಎಂತ ಬರೆದಿದ್ದಾರೆ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ.

ಕಾಸರಗೋಡಿನ ಸದಸ್ಯ: ಕೇರಳದಲ್ಲಿ ಇದ್ದ ಮೇಲೆ ಮಲಯಾಳ ಕಲಿಯಬೇಕು ಅಕ್ಕ. ಎಷ್ಟು ವರ್ಷ ಇದೇ ಹಾಡು?

ಬದಿಯಡ್ಕದ ಸದಸ್ಯ: ನಾವು ಎಲ್ಲಿಗೂ ಬಂದವರಲ್ಲ. ಗಡಿ ನಮ್ಮ ಮನೆಯ ಆಚೆ ಬದಿಗೆ ಬಂದದ್ದು. ಸರಿಯಾಗಿ ಮಾತಾಡಿ.

ಕಾಸರಗೋಡಿನ ಸದಸ್ಯ: ನಾನು ತಪ್ಪು ಎಂತ ಹೇಳಿದೆ? ಮಕ್ಕಳಿಗೆ ಅನುಕೂಲ ಆಗಲಿ ಅಂತ ಹೇಳಿದ್ದು.

ಕುಂಬಳೆಯ ಸದಸ್ಯೆ: ಪೆಟ್ಟು ತಿಂದು ಬಂದವಳು ಮೊದಲು ಅಕ್ಷರ ಕಲಿಯಬೇಕಾ?

ವಕೀಲರು: ಇಬ್ಬರೂ ನಿಲ್ಲಿಸಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ, ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು. ಠಾಣೆಯಲ್ಲಿ ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಲೇಬೇಕು. ಅರ್ಥವಾಗದ್ದಕ್ಕೆ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಕ್ಕೊಳ್ಳಿ. ತಂಗಿಯ ಹೇಳಿಕೆಯ ಪ್ರತಿ ತೆಗೆಸಿ ನನಗೆ ಕಳಿಸಿ, ನಾನು ಓದಿ ಹೇಳುತ್ತೇನೆ.

ಉಪ್ಪಳದ ಸದಸ್ಯೆ: ಮೇಡಂ, ನನ್ನ ಪ್ರಶ್ನೆ ಮೇಲೆ ಉಂಟು...

ಪೆರ್ಲದ ಸದಸ್ಯೆ: ಹೆಂಗಸರನ್ನು ರಾತ್ರಿ ಪೊಲೀಸರು ಉಚಿತವಾಗಿ ಮನೆಗೆ ಬಿಡುತ್ತಾರೆ, ಈ ನಂಬರಿಗೆ ಮಿಸ್ ಕಾಲ್ ಕೊಡಿ ಅಂತ ಬಂದಿದೆ. ಹಾಕಲಾ?

ವಕೀಲರು: ಹಾಕಬೇಡಿ. ಅದು ಪಂಜಾಬಿನ ಲುಧಿಯಾನ ಪೊಲೀಸರದ್ದು, ವರ್ಷಗಳ ಹಿಂದಿನದು. ಅದನ್ನು ನಂಬಿ ಪೆರ್ಲದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಕಾದು ನಿಂತರೆ ಯಾರು ಬರುತ್ತಾರೆ? 112, 181, ಕೇರಳದ ಪಿಂಕ್ ಪೊಲೀಸರ 1515. ಸಾಕು.

ಪೈವಳಿಕೆಯ ಸದಸ್ಯ: 5 ಲಕ್ಷದ್ದು ಸುಳ್ಳು ಅಂದರೆ ಸರಕಾರ ಯಾಕೆ ಸುಮ್ಮನೆ ಉಂಟು?

ವಕೀಲರು: ಇದು ಮೂರನೆಯ ಸಲ. ಇನ್ನು ಉತ್ತರಿಸುವುದಿಲ್ಲ.

ಪೈವಳಿಕೆಯ ಸದಸ್ಯ: ಕೇಳಿದ್ದಕ್ಕೆ ಸಿಟ್ಟು ಯಾಕೆ ಮೇಡಂ? ಉತ್ತರ ಕೊಡಲಿಕ್ಕೆ ಅಂತ ತಾನೇ ನೀವು ಕೂತದ್ದು?

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ. ಹೆಸರಿಲ್ಲದೆ ಕೇಳಿದವರಿಂದ ಮೆಸೇಜು ಬಂದಿದೆ, ಹಾಗೆಯೇ ಹಾಕುತ್ತೇನೆ: "ಅಮ್ಮನೇ ಆಟೋ ಮಾಡಿಸಿದರು. ತಾಲೂಕು ಆಸ್ಪತ್ರೆಯಲ್ಲಿ ಇದ್ದೇವೆ. ಡಾಕ್ಟರು ಕುತ್ತಿಗೆಯ ಸ್ಕ್ಯಾನು ಆಗಬೇಕು, ಮಂಗಳೂರಿಗೆ ಹೋಗಿ ಅಂದಿದ್ದಾರೆ. ಖರ್ಚು ಹೇಗೂ ಮಾಡುತ್ತೇವೆ. ಮೊದಲು ಠಾಣೆಗೆ ಹೋಗಿ ಬರಲಾ?"

ವಕೀಲರು: ಬೇಡ. ಮೊದಲು ಸ್ಕ್ಯಾನ್. ಇಲ್ಲಿಯ ಚೀಟಿಯ ಫೋಟೋ ತೆಗೆದು ನನಗೆ ಕಳಿಸಿ. ಠಾಣೆಯ ಕೆಲಸ ನಾಳೆ ಬೆಳಿಗ್ಗೆ, ನಾನೇ ಜೊತೆಗೆ ಬರುತ್ತೇನೆ. ಮಗನನ್ನು ನೆರೆಮನೆಯಲ್ಲಿ ಬಿಡಬೇಡಿ, ಕರಕೊಂಡೇ ಹೋಗಿ. ಅಡ್ಮಿನ್, ನಾನು ಈಗ ಇವರಿಗೆ ಫೋನು ಮಾಡುತ್ತೇನೆ. ಉಳಿದವರು ಕ್ಷಮಿಸಿ.